ಗೋಡೆಯ ಗೂಡಿನಲ್ಲಿ ಉಳಿದ ಮೂರು ಗುಳಿಗೆ

ಮೊನ್ನೆ ಮೊಮ್ಮಗಳು ಕಾಲೇಜಿನಿಂದ ಒಂದು ಗಾಜಿನ ಪಟ್ಟಿ ತಂದು ನನ್ನ ಅಂಗೈಯಲ್ಲಿಟ್ಟಳು. ನೇರಳೆ ಬಣ್ಣದ ಕಲೆ, ಸ್ಪಿರಿಟ್ ವಾಸನೆ... ಅವಳಿಗೆ ಪಿಎಚ್.ಡಿ. ಸೀಟು ಸಿಕ್ಕಿದೆ! ಕೋಟನೂರಿನ ನಮ್ಮ ಓಣಿಗೆಲ್ಲ ನಾನೇ ಪೇಢೆ ಹಂಚಿ ಬಂದೆ. ಮೊಣಕಾಲು ನೋವು ಎಲ್ಲಿ ಹೋಯಿತೋ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಮೊಮ್ಮಗಳು! ಆದರೆ ಆ ವಾಸನೆ ಮೂಗಿಗೆ ಬಡಿದಾಗ ಕಮಲಾಪುರದ ರಕ್ತದಣ್ಣ ನೆನಪಾದರು...

ಎಂಬತ್ತರ ದಶಕ, ನಾವಾಗ ಕಮಲಾಪುರದಲ್ಲಿದ್ದೆವು. ಮಲೇರಿಯಾ ಕೆಲಸದ ಅವರು ಹದಿನೈದು ದಿನಕ್ಕೊಮ್ಮೆ ಸೈಕಲ್ ಮೇಲೆ ಬರುತ್ತಿದ್ದರು. ಜ್ವರ ಬಂದವರ ಬೆರಳಿಗೆ ಸ್ಪಿರಿಟ್ ಒರೆಸಿ ಚುಚ್ಚಿ, ಗಾಜಿಗೆ ರಕ್ತ ಸವರಿಕೊಂಡು, ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಹೋಗುತ್ತಿದ್ದರು. ಊರಿಗೆಲ್ಲ ಅವರು ರಕ್ತದಣ್ಣ.

ಐದು ವರ್ಷದ ನನ್ನ ಮಗಳಿಗೆ, ಅಂದರೆ ಈ ಮೊಮ್ಮಗಳ ತಾಯಿಗೆ, ಚಳಿಜ್ವರ ಬಂತು. ಗುಳಿಗೆ ಕೊಡುತ್ತ ರಕ್ತದಣ್ಣ ಅಂದರು, "ಈ ಹುಳ ಮನಿ ಅಳಿಯ ಇದ್ದಂಗ್ರೀ ಅಕ್ಕಾರ. ನಮ್ಮ ರಕ್ತದಾಗ ಕುಂತು ತಯಾರ್ ಅಡಿಗಿ ಉಣ್ತದ, ತಾನು ಒಲಿ ಹಚ್ಚಂಗಿಲ್ಲ."

ಒಳಗಿದ್ದ ನಮ್ಮವರು ಕೆಮ್ಮಿದರು. ಅವರೂ ನಮ್ಮಪ್ಪನ ಮನೆಯಲ್ಲೇ ಉಳಿದ ಮನೆಅಳಿಯ! ರಕ್ತದಣ್ಣ ನಾಲಿಗೆ ಕಚ್ಚಿಕೊಂಡರು. "ದಿನಕ್ಕೊಂದರಂಗ ಐದು ದಿನ ತಪ್ಪಸಬ್ಯಾಡ್ರಿ. ಜ್ವರ ಇಳದ್ರೂ ಅದು ಲಿವರಿನಾಗ ಅಡಗಿರ್ತದ."

ಎರಡನೇ ದಿನಕ್ಕೆ ಜ್ವರ ಇಳಿಯಿತು. ಗುಳಿಗೆ ನುಂಗಿ ಕೂಸು ವಾಂತಿ ಮಾಡಿತು. ಉಷ್ಣದ ಔಷಧಿ, ಎಳೆ ಮೈ ತಡೆಯದು ಅಂದುಕೊಂಡು ಉಳಿದ ಮೂರು ಗುಳಿಗೆಗಳ ಪೊಟ್ಟಣವನ್ನು ಪಡಸಾಲೆಯ ಗೋಡೆಗೂಡಿನಲ್ಲಿಟ್ಟೆ. ಮರುಸಲ ರಕ್ತದಣ್ಣ ಬಂದು, "ಐದೂ ನುಂಗಸೀರಿಲ್ರೀ?" ಅಂದಾಗ "ಹೂಂರಿ" ಅಂದೆ.

ಎರಡು ತಿಂಗಳಿಗೆ ಮತ್ತೆ ಜ್ವರ. ಈ ಸಲ ಜೊತೆಗೆ ಅವರ ಸಾಹೇಬರೂ ಬಂದರು. "ಗುಳಿಗಿ ಕೊಟ್ಟಿಯೋ, ಗ್ವಾಡಿಗಿ ತಾರೀಖ ಬರ್ದು ಓಡಿದಿಯೋ?" ಎಂದು ಪಡಸಾಲೆಯಲ್ಲೇ, ನೆರೆಯವರೆದುರು ಬೈದರು. ರಕ್ತದಣ್ಣ ನನ್ನತ್ತ ನೋಡಿದರು. ಆಮೇಲೆ ಅವರ ಕಣ್ಣು ಗೂಡಿನತ್ತ ಹೋಯಿತು. ಪೊಟ್ಟಣದ ಅಂಚು ಕಾಣುತ್ತಿತ್ತು. ನಾನು ಬಾಯಿಗೆ ಸೆರಗು ಒತ್ತಿ ನಿಂತೆ. ಅವರು ತಲೆ ತಗ್ಗಿಸಿದರು...

ಮುಂದೆ ಐದು ದಿನ ತಾವೇ ಬಂದು, ಕೆಂಪು ಬಾಳೆಹಣ್ಣಿನ ತುಂಡಿನಲ್ಲಿ ಗುಳಿಗೆ ಹುದುಗಿಸಿ ಮಗಳಿಗೆ ತಿನ್ನಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳು ಉಳಿದಳು. ಆದರೆ ಮರುಸಲ ಬೇರೊಬ್ಬರು ಬಂದರು. "ಅವರಿಗಿ ವರ್ಗಾ ಮಾಡಿ ದೂರ ಒಗದಾರ್ರೀ" ಅಂದರು. ಎಲ್ಲಿಗೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ವರ್ಷ ವರ್ಷ ಸುಣ್ಣ ಹಚ್ಚುವಾಗ ಅವರು ಕೊನೆಗೆ ಬರೆದ ತಾರೀಖನ್ನು ಬಿಟ್ಟು ಹಚ್ಚಿದೆ. ಒಂದು ಮಳೆಗಾಲ ಗೋಡೆಯೇ ಬಿತ್ತು.

ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ಮೊಮ್ಮಗಳು ಹೇಳುತ್ತಿದ್ದಳು, "ಅಜ್ಜಿ, ಈ ಮಲೇರಿಯಾ ಹುಳದ ಹಿರೇರು ನೀರಾಗಿನ ಪಾಚಿ ಜಾತಿ. ಬಿಸಲಾಗ ತಮ್ಮ ಅಡಿಗಿ ತಾವೇ ಮಾಡ್ಕೋತಿದ್ವು. ಬ್ಯಾರೆ ಜೀವದ ಮೈ ಹೊಕ್ಕ ಮ್ಯಾಲ ಒಂದೊಂದೇ ಮರತ್ವು. ಹಳೀ ಒಲಿ ಒಂದು ಮಾತ್ರ ಇನ್ನೂ ಒಳಗ ಅದ, ಒಂದು ಸಣ್ಣ ಕೆಲಸಕ್ಕ. ಅದನ್ನ ಆರಿಸಿದ್ರ ಹುಳಾನೂ ಸಾಯ್ತದ. ನಾ ಓದೋದು ಅದನ್ನೇ."

ಹಿಗ್ಗಿ ಅವಳ ಕೆನ್ನೆ ಸವರಿದೆ. ಸವರುತ್ತಲೇ ಅಳು ಬಂತು. ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ.

ಅವಳು ಪೆನ್ನು ತೆಗೆದಳು. "ನನ್ನ ಪುಸ್ತಕದಾಗ ಅವರಿಗಿ ನೆನೀತೀನಿ. ಹೆಸರು ಹೇಳು."

ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಹೆಸರು ಗೊತ್ತಿಲ್ಲವ್ವಾ. ಗುಳಿಗಿ ಅವರು ಐದೂ ಕೊಟ್ಟಿದ್ರು ಅಂತ ಬರಿ."