ಇಸ್ವಾಣದ ಪಟ್ಟಿಯ ಏಳು ಜನ

ಮೊನ್ನೆ ಬೆಳಿಗ್ಗೆ ಹೊನ್ನಾವರದ ಮೀನುಪೇಟೆಯಲ್ಲಿ ಒಂದು ಇಸ್ವಾಣ ಕಂಡಿತು. ಬುಟ್ಟಿಯಲ್ಲಿ ಹಿಡಿಸದಷ್ಟು ಉದ್ದದ ಆ ಬೆಳ್ಳಿಮೀನನ್ನು ಹಲಗೆಯ ಮೇಲೆ ಒಂಟಿಯಾಗಿ ಮಲಗಿಸಿದ್ದರು. ಪಕ್ಕದಲ್ಲೇ ಬಂಗಡೆ ರಾಶಿ ಬಿದ್ದಿತ್ತು. ಎರಡನ್ನೂ ಒಟ್ಟಿಗೆ ಕಂಡವಳೇ ನನ್ನಷ್ಟಕ್ಕೆ ನಕ್ಕೆ. "ಎಂತ ಅಕ್ಕೋರೆ, ನಮ್ಮ ಮೀನು ಕಂಡ್ರೆ ನಗು ಬತ್ತದಾ?" ಎಂದಳು ಮಾರುವವಳು. ಇಸ್ಮಾಯಿಲ್ ಸಾಹೇಬರ ನೆನಪಾಯಿತು ಎಂದು ಅವಳಿಗೆ ಹೇಗೆ ವಿವರಿಸಲಿ? ನಿಮಗಾದರೆ ಹೇಳಬಹುದು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕುಳಿತರೆ.

ನಾನು ಊರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು ನಡೆಸುವವಳು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಹಾಗಾಗಿ ನನ್ನ ನಿಜವಾದ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ವಾರಕ್ಕೆರಡು ದಿನ ಒಂದು ಧರ್ಮಾರ್ಥ ಆಸ್ಪತ್ರೆಗೆ ಹೋಗಿ ಅಲ್ಲಿನ ರಕ್ತನಿಧಿಯ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತೇನೆ. ಈ ಕೆಲಸವನ್ನು ನನಗೆ ಒಪ್ಪಿಸಿ ಹೋದವರು ಇಸ್ಮಾಯಿಲ್ ಸಾಹೇಬರು.

ಸಾಹೇಬರು ಭಟ್ಕಳದವರು, ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ದಿನವೂ ಎಂಟೂವರೆಯ ಬಸ್ಸಿಗೆ ಬಂದು ಇಳಿಯುವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೈಯಲ್ಲಿ ತೆಳುವಾದ ಅತ್ತರಿನ ವಾಸನೆ. ಕಂಪ್ಯೂಟರನ್ನು ಯಾರಿಂದಲೂ ಕಲಿತವರಲ್ಲ. ರಕ್ತದಾನಿಗಳ ಹೆಸರು ಹುಡುಕಲು ದಪ್ಪ ರಿಜಿಸ್ಟರು ತಿರುವಿ ತಿರುವಿ ಬೇಸತ್ತು, ಒಂದು ಪುಸ್ತಕ ತಂದು, ತಾವೇ ಪ್ರೋಗ್ರಾಮು ಬರೆದರು. ಆಮೇಲೆ ಹಾಸಿಗೆಗಳ ಲೆಕ್ಕಕ್ಕೆ ಒಂದು, ಆಂಬುಲೆನ್ಸಿಗೆ ಒಂದು, ರೋಗಿಗಳ ಊಟದ ಚೀಟಿಗೆ ಒಂದು ಎಂದು ಸೇರಿಸುತ್ತಾ ಹೋದರು. ಇಪ್ಪತ್ತು ವರ್ಷದಲ್ಲಿ ಅದು ನಾನೂರು ಚಿಲ್ಲರೆ ಕಡತಗಳ ಕೋಡ್ ಆಗಿ ಬೆಳೆದು ನಿಂತಿತ್ತು. ಯಾವ ಕೋಣೆಯ ಬಾಗಿಲು ಯಾವ ಕೋಣೆಗೆ ತೆರೆಯುತ್ತದೆ ಎಂದು ಅವರೊಬ್ಬರಿಗೇ ಗೊತ್ತು.

ಒಪ್ಪಿಸಿದ ದಿನ ಅದರೊಳಗೆ ಇಣುಕಿ ನೋಡಿ ನಾನು ಕಂಗಾಲಾದೆ. ದಾನಿಗಳ ದೊಡ್ಡ ಪಟ್ಟಿಗೆ ಅವರು ಇಟ್ಟ ಹೆಸರು 'ಬಂಗಡೆ'. ರಕ್ತದ ಬಾಟಲಿಗಳ ಪಟ್ಟಿ 'ನೊಗ್ಲಿ'. ಇನ್ನೆಲ್ಲೋ 'ಶೆಟ್ಲಿ', ಮತ್ತೆಲ್ಲೋ 'ಇಸ್ವಾಣ'. "ಇದೆಂತ ಸಾಹೇಬ್ರೆ, ಮೀನುಪೇಟೆಯಾ?" ಎಂದು ಕೇಳಿದ್ದಕ್ಕೆ ಅವರು ಸ್ವಲ್ಪವೂ ನಾಚದೆ, "ಊಟಕ್ಕೆ ಮೊದ್ಲು ಬರೀತಾ ಇದ್ದೆ ಅಕ್ಕೋರೆ, ಹಸಿವು. ನೀವು ಮೊದ್ಲು ಓದಿ. ಬರೀಲಿಕ್ಕೆ ಆಮೇಲೆ ಬೇಕಾದಷ್ಟು ಟೈಮಿದೆ" ಎಂದರು.

ಆತು ಎಂದೆ, ಓದಲಿಲ್ಲ. ಕಲಿತವರ ಗತ್ತು ಒಂದಿರುತ್ತದಲ್ಲ. ಇದನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಬರೆಯಬೇಕು ಎಂದು ಆರು ವರ್ಷ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದೆ. ಮುಟ್ಟಲು ಹೆದರಿಕೆ, ಬಿಡಲು ಅಸಡ್ಡೆ. ಆ ಆರು ವರ್ಷದಲ್ಲಿ ನಾನು ಮಾಡಿದ ಒಂದೇ ಸುಧಾರಣೆ ಎಂದರೆ, ದಾನಿಗಳಿಗೆ ವರ್ಷಕ್ಕೊಮ್ಮೆ ಕಾಗದ ಅಚ್ಚು ಹಾಕುತ್ತಿದ್ದ ಭಾಗವನ್ನು ನಿಲ್ಲಿಸಿದ್ದು. ವಾಟ್ಸಾಪ್ ಇರುವಾಗ ಅಂಚೆ ಯಾರಿಗೆ ಬೇಕು ಎನ್ನುವುದು ನನ್ನ ವಾದ. ಸಾಹೇಬರು ನಿವೃತ್ತರಾದ ಮೂರನೆಯ ವರ್ಷ ತೀರಿಕೊಂಡರು. ಭಟ್ಕಳಕ್ಕೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿ ಬಂದೆ. ಕೋಡ್ ಮಾತ್ರ ಇದ್ದಲ್ಲೇ ಇತ್ತು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಘನಾಶಿನಿಯಿಂದ ನಾಗವೇಣಿ ಎಂಬ ಹೆಂಗಸನ್ನು ಆಸ್ಪತ್ರೆಗೆ ತಂದರು. ಅಳಿವೆಯಲ್ಲಿ ಬಳಚಿನ ಚಿಪ್ಪು ಹೆಕ್ಕುವವಳು, ಮೂವತ್ತೈದರ ಆಸುಪಾಸು. ಗರ್ಭಕೋಶದ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಮುಖವೆಲ್ಲ ಬಿಳಿಚಿಕೊಂಡಿತ್ತು. ಆಪರೇಷನ್ ಆಗಲೇಬೇಕು, ಅದಕ್ಕೂ ಮೊದಲು ರಕ್ತ ಕೊಡಬೇಕು. ಪರೀಕ್ಷೆಯಲ್ಲಿ 'ಓ' ಗುಂಪು ಎಂದು ಬಂತು. ಆದರೆ ನಮ್ಮಲ್ಲಿದ್ದ ಓ ಗುಂಪಿನ ಒಂದು ಬಾಟಲಿಯೂ ಅವಳ ರಕ್ತಕ್ಕೆ ಹೊಂದಲಿಲ್ಲ. ಮಂಗಳೂರಿಗೆ ಮಾದರಿ ಕಳಿಸಿದಾಗ ಉತ್ತರ ಸಿಕ್ಕಿತು: ಇದು ಓ ಅಲ್ಲ, ಓ ಥರ ಕಾಣುವ ಬಾಂಬೆ ಬ್ಲಡ್ ಗ್ರೂಪ್. ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವಂಥದ್ದು, ಅದೇ ಗುಂಪಿನವರ ರಕ್ತ ಮಾತ್ರ ಆದೀತು.

ಡಾಕ್ಟ್ರಮ್ಮ ಇದನ್ನು ವಿವರಿಸಿದಾಗ ನಾಗವೇಣಿಯ ತಾಯಿ ದಿಗಿಲುಗೊಂಡರು. "ನಾವು ಬೊಂಬಾಯಿ ಕಂಡೇ ಇಲ್ಲ ಅಮ್ಮಾ. ಕುಮಟೆ ದಾಟಿದ್ದೇ ಈ ಸಲ. ಇವಳ ರಕ್ತ ಯಾವಾಗ ಅಲ್ಲಿಗೆ ಹೋಗಿ ಬಂತು?" ಯಾರಿಗೂ ನಗು ಬರಲಿಲ್ಲ. ಒಡಹುಟ್ಟಿದವರಲ್ಲಿ ಇದೇ ಗುಂಪು ಇರುವ ಸಂಭವ ಹೆಚ್ಚು, ಆದರೆ ಇದ್ದ ಒಬ್ಬ ಅಣ್ಣ ಮಂಜುನಾಥ ಬೋಟಿನ ಮೇಲೆ ಆಳಸಮುದ್ರದಲ್ಲಿದ್ದ. ಬರುವುದು ವಾರದ ಮೇಲೆ. ದೊಡ್ಡ ಊರುಗಳಿಗೆ ಫೋನು ಮಾಡಿದರೆ, ಅಲ್ಲಿನ ದಾನಿಗಳು ಆಗಲೇ ಬೇರೆಯವರಿಗೆ ರಕ್ತ ಕೊಟ್ಟಾಗಿತ್ತು, ಮತ್ತೆ ಮೂರು ತಿಂಗಳು ಕೊಡುವ ಹಾಗಿಲ್ಲ. ಡಾಕ್ಟ್ರಮ್ಮ ನನ್ನ ಕಡೆ ತಿರುಗಿ, "ನಮ್ಮ ಹಳೇ ದಾನಿಗಳಲ್ಲಿ ಯಾರಾದರೂ ಇರಲೇಬೇಕು. ಇಸ್ಮಾಯಿಲ್ ಸಾಹೇಬರು ಬರೆದಿಡದೆ ಇರುವವರಲ್ಲ. ಹುಡುಕಿ" ಎಂದರು.

ಹುಡುಕಲು ಹೋದರೆ, ರಕ್ತದ ಗುಂಪು ಆರಿಸುವ ಜಾಗದಲ್ಲಿ ಇದ್ದದ್ದೇ ಎಂಟು ಗುಂಪು. ಬಾಂಬೆಯ ಹೆಸರಿಲ್ಲ. ಓದಿದ್ದರೆ ಈಗ ಗೊತ್ತಿರುತ್ತಿತ್ತು. ನಾನೂರು ಕಡತ ಓದಲು ನನಗೆ ನಾಲ್ಕು ತಿಂಗಳು ಬೇಕು. ನಾಗವೇಣಿಗೆ ಇದ್ದದ್ದು ಎರಡೋ ಮೂರೋ ದಿನ.

ಕ್ಲಾಸಿನ ಮಕ್ಕಳಿಗೆ ತೋರಿಸಲೆಂದು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಐ ಸಹಾಯಕ ಹಾಕಿಕೊಂಡಿದ್ದೆ, ಕೋಡ್ ಓದಿ ಬರೆಯುವಂಥದ್ದು. ಅಲ್ಲಿಯವರೆಗೆ ಅದಕ್ಕೆ ನಾನು ಕೊಟ್ಟದ್ದೆಲ್ಲ ಮಗ್ಗಿ ಬರೆಸುವಂಥ ಕೆಲಸ. ಡಾಕ್ಟ್ರಮ್ಮನ ಒಪ್ಪಿಗೆ ಪಡೆದು, ದಾನಿಗಳ ಹೆಸರು ವಿಳಾಸ ಇರುವ ಭಾಗವನ್ನು ಬೇರೆ ಇಟ್ಟು, ಬರೀ ಕೋಡನ್ನು ಅದರ ಮುಂದೆ ತೆರೆದೆ. ಬಾಂಬೆ ಗುಂಪಿನವರನ್ನು ಇದರಲ್ಲಿ ಎಲ್ಲಾದರೂ ಬೇರೆಯಾಗಿ ಗುರುತಿಸಿದೆಯೇ ಎಂದು ಕೇಳಿದೆ.

ಬಾಂಬೆ ಎಂಬ ಪದ ಒಂದೇ ಕಡೆ ಸಿಕ್ಕಿದೆ ಎಂದಿತು. ನಾನು ಕುರ್ಚಿ ಮುಂದಕ್ಕೆ ಎಳೆದೆ. ಅದು ಊಟದ ಚೀಟಿಯ ಭಾಗ. ಬಾಂಬೆ ರವೆ, ಉಪ್ಪಿಟ್ಟಿಗೆ.

ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಓ ಗುಂಪಿನವರನ್ನು ಪಟ್ಟಿ ಮಾಡುವ ಸಾಲಿನಿಂದ ಹೊರಟು, ಅದು ಯಾವುದನ್ನು ಕರೆಯುತ್ತದೆ, ಅದನ್ನು ಮತ್ಯಾವುದು ಕರೆಯುತ್ತದೆ ಎಂದು ಒಂದೊಂದೇ ಕಡತ ತೆರೆಯುತ್ತಾ ಹೋಯಿತು. ತೆರೆದ ಕಡತಗಳ ಹೆಸರುಗಳು ಪರದೆಯ ಮೇಲೆ ಸರಿಯುತ್ತಿದ್ದವು. ನಾನು ಆರು ವರ್ಷ ಹೊರಗಿನಿಂದಲೇ ನೋಡಿ ಹೆದರಿದ ಮನೆಯಲ್ಲಿ ಯಾರೋ ದೀಪ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದ ಹಾಗಿತ್ತು. ಸಾಹೇಬರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ ನಮ್ಮ ಕಡೆಯ ಕನ್ನಡದ ಟಿಪ್ಪಣಿಗಳನ್ನೂ ಅದು ಓದಿತು. ನಡುವಿನ ಒಂದೆರಡು ನವಾಯತಿ ಮಾತು, ಭಟ್ಕಳದ ಅವರ ಮನೆಮಾತು, ಮಾತ್ರ ತನಗೆ ಸರಿಯಾಗಿ ತಿಳಿಯಲಿಲ್ಲ ಎಂದು ಒಪ್ಪಿಕೊಂಡಿತು. ಚಹಾ ಆರುವ ಮೊದಲೇ ಉತ್ತರ ಬಂತು: 'ಇಸ್ವಾಣ ಎಂಬ ಹೆಸರಿನಲ್ಲಿ ಏಳು ದಾನಿಗಳ ಸಂಖ್ಯೆಗಳಿವೆ. ಶಿಬಿರ, ಫೋನು, ಸಂದೇಶ, ಎಲ್ಲ ಪಟ್ಟಿಗಳಿಂದಲೂ ಇವರನ್ನು ಬೇಕೆಂದೇ ಹೊರಗಿಡಲಾಗಿದೆ. ರಕ್ತ ಕೊಡಬಾರದವರು ಇರಬಹುದು. ಆದರೆ ಕೋಡಿನಿಂದ ಮಾತ್ರ ಖಚಿತವಾಗಿ ಹೇಳಲಾರೆ.'

ಕಾಯಿಲೆಯವರ ಪಟ್ಟಿ. ಮುಗಿಯಿತು ಎಂದುಕೊಂಡು ಲ್ಯಾಪ್‌ಟಾಪು ಮುಚ್ಚಹೊರಟವಳು ಅಲ್ಲೇ ತಡೆದೆ. ಕಾಯಿಲೆಯವರಿಗೆ ಸಾಹೇಬರು ಇಸ್ವಾಣ ಎನ್ನುತ್ತಾರೆಯೇ? ಬಂಗಡೆ ದಿನವೂ ಸಿಗುವ ಮೀನು. ಇಸ್ವಾಣ ಹಾಗಲ್ಲ, ಸಿಕ್ಕ ದಿನ ಮನೆಯಲ್ಲಿ ಹಬ್ಬ. ಇಸ್ವಾಣ ಎಂದರೆ ಅಪರೂಪದ, ಬೆಲೆಯುಳ್ಳ ಮೀನು ಎಂದು ಅದಕ್ಕೆ ತಿಳಿಸಿ, ಈ ಏಳು ಜನ ಬೇರೆಲ್ಲಾದರೂ ಬರುತ್ತಾರಾ ನೋಡು ಎಂದೆ.

ಈ ಸಲ ಅದು ಬಂದು ನಿಂತದ್ದು ನಾನು ನಿಲ್ಲಿಸಿದ್ದ ಭಾಗದಲ್ಲಿ, ಕಾಗದ ಅಚ್ಚು ಹಾಕುವಲ್ಲಿ. 'ನಿಮ್ಮ ಮಾತು ಸರಿ, ನನ್ನ ಮೊದಲ ಊಹೆ ತಪ್ಪು. ಈ ಏಳು ಜನರಿಗೆ ಮಾತ್ರ ಬೇರೆಯೇ ಕಾಗದ ಹೋಗುತ್ತಿತ್ತು' ಎಂದು ಹೇಳಿ, ನಾಲ್ಕು ಕಡತಗಳಲ್ಲಿ ಚದುರಿದ್ದ ಸಾಲುಗಳನ್ನು ಜೋಡಿಸಿ ಮುಂದಿಟ್ಟಿತು.

"ನಿಮ್ಮ ರಕ್ತ ಬಹಳ ಅಪರೂಪದ್ದು. ಶಿಬಿರಗಳಲ್ಲಿ ಕೊಡಬೇಡಿ, ನಾವು ಕರೆದಾಗ ಬನ್ನಿ. ಊರು ಬಿಟ್ಟರೆ, ಫೋನು ಬದಲಾದರೆ ತಿಳಿಸಿ. ಕರೆಯುವ ದಿನ ಬಾರದಿರಲಿ. ನೀವು ಇದ್ದೀರಿ ಎಂಬುದೇ ನಮಗೆ ಧೈರ್ಯ."

ಕೆಳಗೆ ಸಾಹೇಬರ ಟಿಪ್ಪಣಿ: 'ಇವರ ಗುಂಪು ಯಾರಿಗೂ ಕಾಣುವ ಹಾಗೆ ಇಡಬೇಡಿ. ಕರೆದು ಕರೆದು ಸುಸ್ತು ಮಾಡ್ತಾರೆ. ಬೇಕಾದ ದಿನ ರಕ್ತವೇ ಇರುದಿಲ್ಲ.'

ಯಾವುದನ್ನು ನೋಡಿ ಬೆರಗಾಗಲಿ? ಒಂದು ಬೆಳಗಿನಲ್ಲಿ ಇಪ್ಪತ್ತು ವರ್ಷದ ಬರಹವನ್ನು ಓದಿ, ತಪ್ಪಿದಾಗ ತಪ್ಪಿದೆ ಎಂದು ಹೇಳಿ ಮತ್ತೆ ಹುಡುಕಿದ ಆ ಯಂತ್ರವನ್ನೇ? ಏಳು ಜನರನ್ನು ಅಷ್ಟು ಜೋಪಾನವಾಗಿ ಇರಿಸಿ ಹೋದ ಮನುಷ್ಯನನ್ನೇ? ಆ ಏಳು ಸಂಖ್ಯೆಗಳ ಹೆಸರು, ಫೋನು ಹುಡುಕಲು ರಿಜಿಸ್ಟರು ತೆಗೆದೆ.

ಏಳರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬರಿಗೆ ಎಪ್ಪತ್ತು ದಾಟಿತ್ತು, ಒಬ್ಬರು ದುಬೈಯಲ್ಲಿದ್ದರು, ಒಬ್ಬರ ಫೋನು ಹತ್ತಲಿಲ್ಲ. ಆರನೆಯವರು ಕತಗಾಲದ ಸಾವಿತ್ರಿ ಎಂಬವರು. ಅವರಿಗೆ ಆಸ್ಪತ್ರೆಯ ಹೆಸರು ಹೇಳಿದೆ.

"ಸಾಹೇಬ್ರು ಇಲ್ವಾ?" ಎಂದರು. ಇಲ್ಲ ಎಂದೆ. "ಛೆ. ಕಾಗದ ಬರೋದು ನಿಂತು ಆರು ವರ್ಷ ಆತು. ನನ್ನ ಹೆಸರು ತೆಗೆದ್ರು ಅಂದ್ಕೊಂಡೆ. ಹಳೇ ಕಾಗದ ಎಲ್ಲಾ ಇದೆ ನನ್ನ ಹತ್ರ."

ಕಾಗದ ನಿಲ್ಲಿಸಿದ್ದು ನಾನೇ ಎಂದು ಹೇಳಿದೆ. ಅವರು ಬೈಯಲಿಲ್ಲ. "ಈಗ ಯಾರಿಗೆ ಬೇಕಾಗಿದ್ದು?" ಎಂದು ಕೇಳಿದರು. ಹೇಳಿ ಮುಗಿಸುವ ಮೊದಲೇ ಒಳಗೆ ತಿರುಗಿ ಗಂಡನನ್ನು ಕೂಗಿದ್ದು ಕೇಳಿಸಿತು: "ಹೋಯ್, ಆ ಫೋನು ಬಂತು! ಆನು ಹೊನ್ನಾವರಕ್ಕೆ ಹೋಗಿ ಬತ್ತೆ. ಅನ್ನ ಮಾಡಿ ಇಟ್ಟಿದ್ದೆ."

ಮಧ್ಯಾಹ್ನದ ಹೊತ್ತಿಗೆ ಅವರು ಬಂದರು, ರಕ್ತ ಹೊಂದಿತು. ಮರುದಿನ ಏಳನೆಯವರು, ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟವರು, ನನ್ನ ಫೋನಿಗೆ ಸ್ಕೂಟರಿನಲ್ಲಿ ಬಂದರು. ನಾಗವೇಣಿಯ ಆಪರೇಷನ್ ಆಯಿತು. ನಾಲ್ಕನೆಯ ದಿನ ಅವಳು ಎದ್ದು ಕುಳಿತು ಗಂಜಿ ಸಪ್ಪೆ ಎಂದು ತಾಯಿಯ ಮೇಲೆ ರೇಗಿದಾಗ ಡಾಕ್ಟ್ರಮ್ಮ ನಕ್ಕರು.

ವಾರದ ಮೇಲೆ ಮಂಜುನಾಥ ಬೋಟಿನಿಂದ ಇಳಿದವನೇ ಬಂದ. ಅವನ ರಕ್ತ ಪರೀಕ್ಷೆಗೆ ಕಳಿಸಿದರೆ ಅವನದೂ ಅದೇ ಗುಂಪು. ಸಾಹೇಬರ ಪಟ್ಟಿಗೆ ಎಂಟನೆಯ ಸಂಖ್ಯೆ ಸೇರಿಸಿದೆ. ಆರು ವರ್ಷದಲ್ಲಿ ಅವರ ಕೋಡಿನೊಳಗೆ ನಾನು ಬರೆದ ಮೊದಲ ಸಾಲು ಅದು. ಸಹಾಯಕ ಒಂದು ಮಾತು ಸೇರಿಸಿತು: ಕಾಗದದ ಭಾಗದಲ್ಲಿ ಏಳು ಎಂದೇ ಬರೆದಿದೆ, ಅದನ್ನೂ ಬದಲಿಸದಿದ್ದರೆ ಎಂಟನೆಯವರಿಗೆ ಕಾಗದ ಹೋಗುವುದಿಲ್ಲ. ಬದಲಿಸಿದೆ. ಅಚ್ಚಾದ ಕಾಗದವನ್ನು ಮಂಜುನಾಥ ನಿಂತಲ್ಲೇ ಬೆರಳಿಟ್ಟು ಓದಿದ. "ಎಂತ ಬರ್ದಿದ್ರು?" ಎಂದು ತಾಯಿ ಕೇಳಿದರು.

"ನಾ ಇದ್ದೆ ಅಂಬುದೇ ಧೈರ್ಯ ಅಂತೆ ಅಬ್ಬೆ," ಎಂದ.

ಹೊಸದಾಗಿ ಬರೆಯುವ ಮಾತನ್ನು ನಾನೀಗ ಯಾರ ಹತ್ತಿರವೂ ಎತ್ತುವುದಿಲ್ಲ. ಶನಿವಾರ ಬೆಳಿಗ್ಗೆ ಸಹಾಯಕನೊಡನೆ ಕುಳಿತು ಒಂದೊಂದೇ ಕಡತ ಓದುತ್ತೇನೆ. ನೂರೈವತ್ತು ಮುಗಿದಿವೆ. ಇವತ್ತು ಓದುತ್ತಿದ್ದಾಗ ಫೋನು ಬಂತು. ಹಿಂದೆ ಗಾಳಿಯ ಸದ್ದು, ಎಂಜಿನ್ನಿನ ಸದ್ದು.

"ಅಕ್ಕೋರೆ, ಮಂಜುನಾಥ. ಬೋಟು ಮಲ್ಪೆ ಬದಿಗೆ ಹೊರಟದೆ. ಹತ್ತು ದಿನ ಸಿಗುದಿಲ್ಲ. ಬರ್ಕಣಿ."

ಬರೆದುಕೊಂಡೆ.