ಹತ್ತು ನಿಮಿಷ ನೆಲ ಕೇಳಿದ್ದ ಕಮ್ಲಿ

ಇಲ್ಲ... ನಂಬೋಕೆ ಆಗ್ತಿಲ್ಲ.
ಮಧ್ಯಾಹ್ನ ಕುಂಡಯಿಯ ನಮ್ಮ ಫ್ಯಾಕ್ಟರಿಯಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ. ಫೋನ್ ಬಂತು. ಕಮ್ಲಿ ಹೋದಳು ಅಂದರು.
ಎಲ್ಲಿಗೆ ಅಂತ ಕೇಳಿದೆ... ಅಷ್ಟು ದಡ್ಡ ನಾನು.
ಮೂರು ದಿನದ ಜ್ವರವಂತೆ. ಮೊನ್ನೆವರೆಗೂ ಬೀಚಿನಲ್ಲಿ ಚೀಲ ಮಾರಿದ್ದಾಳೆ.

ಈಗ ಸಂಜೆ. ನಮ್ಮ ಕನ್ನಡ ಸಂಘದ ಗ್ರೂಪ್ ತೆರೆದರೆ ಬರೀ ಕೈ ಮುಗಿದ ಇಮೋಜಿ.
"ಗೋವಾ ಕನ್ನಡಿಗರ ಹೆಮ್ಮೆ"... "ಅಪರೂಪದ ಪ್ರತಿಭೆ"...
ಓದುತ್ತಾ ಮೈಯೆಲ್ಲ ಉರೀತಾ ಇದೆ. ಅದಕ್ಕೇ ಬರೀತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳ್ತೀನಿ.
ಕಮ್ಲಿ ಅಂದರೆ ಕಮಲಾಬಾಯಿ. ವಿಜಯಪುರ ಕಡೆಯ ತಾಂಡಾದವಳು. ಇಲ್ಲಿ ಗೋವಾದ ಬಾಯ್ನಾದಲ್ಲಿ ನಮ್ಮ ಪಕ್ಕದ ಓಣಿ.
ಕನ್ನಡಿ ಚೀಲ, ಮಣಿಸರದ ಜೊತೆಗೆ ಬಟ್ಟೆ ತುಂಡು ಹೊಲಿದು ಮಾಡಿದ ಪುಟ್ಟ ಚೆಂಡು ಮಾರುತ್ತಿದ್ದಳು. ಒಳಗೆ ಕಾಳು ತುಂಬಿರುತ್ತೆ. ಫುಟ್‌ಬ್ಯಾಗ್ ಅಂತಾರೆ.
ಅದನ್ನು ಕಾಲಿನಿಂದಲೇ ಒದ್ದು ಒದ್ದು ಗಾಳಿಯಲ್ಲಿ ಇಡಬೇಕು.
ನೆಲಕ್ಕೆ ಬಿದ್ದರೆ ಆಟ ಮುಗೀತು. ಕೈ ತಾಗಿದರೂ ಮುಗೀತು.
ಇಂಥದ್ದೊಂದು ಸ್ಪೋರ್ಟ್ ಇದೆ, ಅದಕ್ಕೂ ಚಾಂಪಿಯನ್‌ಗಳಿದ್ದಾರೆ ಅಂತ ನನಗೆ ಹೇಳಿದ್ದೇ ಅವಳು.

ಗಿರಾಕಿಗಳಿಗೆ ತೋರಿಸೋಕೆ ಅಂತ ಒದೆಯಲು ಶುರು ಮಾಡಿದವಳು... ಇಪ್ಪತ್ತು ವರ್ಷ ನಿಲ್ಲಿಸಲಿಲ್ಲ.
ಹಿಮ್ಮಡಿಯಿಂದ, ಮೊಣಕಾಲಿನಿಂದ, ಬೆನ್ನ ಹಿಂದಿನಿಂದ... ಚೆಂಡು ಪಾದದ ಮೇಲೆ ಬಂದು ಸುಮ್ಮನೆ ಕೂತುಬಿಡುತ್ತಿತ್ತು.
ಅಡ್ಡ ಬರುತ್ತೆ ಅಂತ ಕಾಲಿನ ಕಡಗ ತೆಗೆದಿಟ್ಟಳು. ಗಂಡ ಇರುವ ಹೆಂಗಸು ಕಾಲು ಬರಿದು ಮಾಡ್ತಾಳೇನು ಅಂತ ಓಣಿಯವರೆಲ್ಲ ಬೈದರು. ನನ್ನ ಹೆಂಡತಿಯೂ ಬೈದಳು.
ಯಾಕಮ್ಮ ಈ ಹಠ ಅಂತ ನಾನೊಮ್ಮೆ ಕೇಳಿದ್ದೆ.
"ಮಾರೂದು ಎಲ್ಲಾರೂ ಮಾರ್ತಾರ್ರಿ ಅಣ್ಣಾ. ಆಡೂದು ನಾನೊಬ್ಬಾಕಿನ."

ಹೋದ ವರ್ಷ ಹೊರದೇಶದ ಒಂದು ಸ್ಪರ್ಧೆ ಇತ್ತು. ವಿಡಿಯೋ ಕಳಿಸಿದರೆ ಸಾಕು. ಹತ್ತು ನಿಮಿಷ, ಒಂದೇ ಟೇಕ್, ಚೆಂಡು ಬೀಳಬಾರದು. ಆಡುವವರ ಪಟ್ಟಿಯಲ್ಲಿ ತನ್ನ ಹೆಸರು ಬರಬೇಕು... ಅಷ್ಟೇ ಅವಳ ಆಸೆ.
ಬೀಚಿನ ಮರಳಲ್ಲಿ ಕಾಲು ಹುಗಿಯುತ್ತೆ, ಗಾಳಿ ಬೇರೆ. ಮನೆಯಲ್ಲಿ ಚೆಂಡು ತಗಡಿಗೆ ಬಡಿಯುತ್ತೆ. ಪೋರ್ಟ್ ಗೇಟಿನ ಸಿಮೆಂಟ್ ನೆಲದಿಂದ ಸೆಕ್ಯುರಿಟಿಯವರು ಎಬ್ಬಿಸಿದರು.
ಉಳಿದದ್ದು ನಮ್ಮ ಸಂಘದ ಹಾಲ್. ಗಟ್ಟಿ ನೆಲ. ಬಾಗಿಲು ಹಾಕಿದರೆ ಗಾಳಿ ಇಲ್ಲ.

ಮೂರು ಸಲ ಬಂದು ಕೇಳಿದಳು. ಹಾಲ್ ಇರೋದು ಕಾರ್ಯಕ್ರಮಕ್ಕೆ, ಆಟಕ್ಕಲ್ಲ ಅಂದರು ಅಧ್ಯಕ್ಷರು. ಜಂಟಿ ಕಾರ್ಯದರ್ಶಿಯಾದ ನಾನು ಪಕ್ಕದಲ್ಲೇ ಕೂತು ಗೋಣು ಹಾಕಿದೆ.
ಹಿತ್ತಲ ಗಿಡ ಮದ್ದಲ್ಲ ನೋಡಿ...
ಕೊನೆಗೆ ರಾಜ್ಯೋತ್ಸವದ ದಿನ ಅತಿಥಿ ಬರೋದು ತಡ ಅಂತ ಗೊತ್ತಾಯಿತು. ಜನ ಎದ್ದು ಹೋಗದ ಹಾಗೆ ಅಲ್ಲೀವರೆಗೆ ಆಕಿ ಏನರ ಒದೀಲಿ ಅಂತ ಒಪ್ಪಿದರು.
ವಿಡಿಯೋ ಕಳಿಸೋಕೆ ಅವತ್ತೇ ಕೊನೆಯ ದಿನ. ನಮಗೆಲ್ಲ ಗೊತ್ತಿತ್ತು.

ಕಮ್ಲೀ...
ಇನ್ನು ನಿನ್ನ ಹತ್ತಿರವೇ ಮಾತು.
ಕುರ್ಚಿಯ ಮೇಲೆ ಫೋನ್ ಒರಗಿಸಿ ಇಟ್ಟೆ ನೀನು. ಫ್ಯಾನ್ ಆಫ್ ಮಾಡ್ರಿ ಅಂದೆ. ಸೆಕೆ ಸೆಕೆ ಅಂತ ಜನ ಗೊಣಗಿದರು.
ಮೊದಲು ನಕ್ಕರು. ಐದು ನಿಮಿಷ ಆಗೋ ಹೊತ್ತಿಗೆ ಹಾಲ್ ಪೂರ್ತಿ ಸುಮ್ಮನಾಗಿತ್ತು. ಖರೇ ಹೇಳ್ತೀನಿ, ಆ ಹಾಲ್ ಹಾಗೆ ಸುಮ್ಮನಾದದ್ದು ನಾನು ಬೇರೆ ಯಾವತ್ತೂ ಕಂಡಿಲ್ಲ.
ಎಂಟು ನಿಮಿಷ...
ಹೊರಗೆ ಡೊಳ್ಳು ಶುರುವಾಯಿತು. ಅತಿಥಿ ಬಂದರೆ ನಮ್ಮಲ್ಲಿ ಎಲ್ಲವೂ ನಿಲ್ಲಬೇಕು, ಎಲ್ಲರೂ ಏಳಬೇಕು. ಅದು ನಮ್ಮ ಮರ್ಯಾದೆ.
ಅಧ್ಯಕ್ಷರು ನನ್ನ ಕಡೆ ನೋಡಿದರು.
ನಾನು ಸ್ಟೇಜ್ ಹತ್ತಿ ನಿನ್ನ ಚೆಂಡನ್ನು ಗಾಳಿಯಲ್ಲೇ ಹಿಡಿದೆ. ಕ್ಯಾಚ್ ಹಿಡಿದ ಹಾಗೆ... ನಗುತ್ತಾ. ಯಾರೋ ಚಪ್ಪಾಳೆ ಕೂಡ ಹೊಡೆದರು.
ನೀನು ಕೂಗಾಡಲಿಲ್ಲ.
"ಕೈ ಯಾಕ ಹಚ್ಚಿದ್ರಿ ಅಣ್ಣಾ... ಎರಡ ನಿಮಿಷ ಉಳದಿತ್ತಲ್ರಿ."

ಪ್ರತಿಭೆಗಳನ್ನು ಗುರುತಿಸಬೇಕು ಅಂತ ಅತಿಥಿಗಳು ಮುಕ್ಕಾಲು ಗಂಟೆ ಭಾಷಣ ಮಾಡಿದರು.
ಅವರು ಹೋದ ಮೇಲೆ ನೀನು ಮತ್ತೆ ಬಂದೆ. ಅಷ್ಟರಲ್ಲಿ ಊಟದ ಟೇಬಲ್ ಹಾಕಿ ಆಗಿತ್ತು. ಮುಂದಿನ ವರ್ಷ ನೋಡೋಣ ಅಂತ ಕಳಿಸಿದೆ ನಿನ್ನ.
ಮನೆಗೆ ಹೋಗಿ ನೀನು ಆ ಅರ್ಧ ವಿಡಿಯೋ ನನಗೆ ಕಳಿಸಿದ್ದೆ. ಎಂಟು ನಿಮಿಷಕ್ಕ ತಗೋತಾರೇನ, ಕೇಳಿ ಹೇಳ್ರಿ ಅಂತ ಒಂದು ವಾಯ್ಸ್ ಮೆಸೇಜ್...
ಮೆಸೇಜ್ ಕೇಳಿಸಿಕೊಂಡೆ. ನಿನಗೆ ಉತ್ತರ ಕೊಡಲಿಲ್ಲ.
ಏನಂತ ಕೊಡಲಿ... ಸಂಕಟ ಆಗಿತ್ತು. ಸಂಕಟ ಆದವನು ಸುಮ್ಮನಿದ್ದುಬಿಟ್ಟೆ, ಹೇಡಿ.

ಈಗ ಅಧ್ಯಕ್ಷರ ಮೆಸೇಜ್ ಬಂದಿದೆ. ನಾಳೆ ಅದೇ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ದೊಡ್ಡ ಫೋಟೋ, ಮರಣೋತ್ತರ ಸನ್ಮಾನ. ಸಮಯದ ಮಿತಿ ಇಲ್ಲ, ಯಾರು ಎಷ್ಟು ಬೇಕಾದರೂ ಮಾತಾಡಬಹುದು.
ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.
ನನಗೆ ಒಂದು ಚಲೋ ಬರಹ ಬರೆದುಕೊಡು ಅಂದಿದ್ದಾರೆ.

ಬರೆದಿದ್ದೇನೆ ಅಧ್ಯಕ್ಷರೇ. ಇದೇ ಅದು. ನಾಳೆ ಸ್ಟೇಜ್ ಮೇಲೆ ಇದನ್ನೇ ಓದುತ್ತೇನೆ, ಒಂದು ಸಾಲೂ ಬಿಡುವುದಿಲ್ಲ.
ಆ ಎಂಟು ನಿಮಿಷದ ವಿಡಿಯೋ ಕೆಳಗೆ ಹಾಕಿದ್ದೇನೆ. ಇಮೋಜಿ ಹಾಕುವ ಮೊದಲು ಪೂರ್ತಿ ನೋಡಿ.
ಕೊನೆಯಲ್ಲಿ ಅಡ್ಡ ಬರುವ ಕೈ ನನ್ನದು.

ಹೋಗಿ ಬಾ ಕಮ್ಲಿ...
ಶಾಂತಿ ನಿನಗೆ ಸಿಗಲಿ.
ನಮಗೆ ಇಷ್ಟು ಬೇಗ ಸಿಗದಿರಲಿ.