ಕಟ್ಟೆಯ ಮೇಲಿನ ಸುಣ್ಣದ ಗೀಟು

ಯುಗಾದಿಗೆ ವಾರವಿರುವಾಗ ನಮ್ಮೂರಿನ ಕಟ್ಟೆಗಳೆಲ್ಲ ಕೆಮ್ಮಣ್ಣಿನಲ್ಲಿ ಸಾರಿಸಿಕೊಂಡು ಹಬ್ಬಕ್ಕೆ ಸಿದ್ಧವಾಗುತ್ತವೆ. ನಮ್ಮ ಮನೆಯ ಕಟ್ಟೆಯೂ ಸಿದ್ಧವಾಗುತ್ತದೆ. ಆದರೆ ಮನೆಯ ಮಗ್ಗುಲಲ್ಲಿ ಹಾಯುವ ಓಣಿಯ ಕಡೆಗಿರುವ ಅದರ ಪಕ್ಕೆಯಲ್ಲಿ ಗೇಣುದ್ದದ ಒಂದು ಸುಣ್ಣದ ಗೀಟಿದೆ. ಸಾರಿಸುವ ಕೈ ಅಲ್ಲಿಗೆ ಬಂದಾಗ ನಿಧಾನಿಸಿ, ಮಲಗಿದ ಕೂಸನ್ನು ದಾಟುವವರಂತೆ ಸುತ್ತಿ ಮುಂದೆ ಹೋಗುತ್ತದೆ. ಊರಿಗೆ ಹೊಸಬರಾದವರು ಇದು ಹರಕೆಯ ಗುರುತೇ, ದೃಷ್ಟಿ ತಾಕದಿರಲೆಂದು ಎಳೆದದ್ದೇ ಎಂದು ಕೇಳಿದ್ದುಂಟು. ಎರಡೂ ಅಲ್ಲವೆಂದು ಹೇಳಿ ಕಳಿಸುತ್ತೇನೆ. ಅದು ನಮ್ಮ ಪುರಸಭೆಯ ಇಪ್ಪತ್ತು ವರ್ಷಗಳ ದೂರದೃಷ್ಟಿ ಎಂದರೆ ನಂಬುವವರು ಕಡಿಮೆ.

ಹುಬ್ಬಳ್ಳಿಯಿಂದ ಹೊರಡುವ ದಿನಪತ್ರಿಕೆಯೊಂದಕ್ಕೆ ನಾನು ಈ ಊರಿನ ಬಾತ್ಮೀದಾರ. ಈ ಕಸುಬಿನಲ್ಲಿ ಮನುಷ್ಯನಿಗೆ ಎರಡು ರೋಗಗಳು ಅಂಟುತ್ತವೆ. ಒಂದು, ಕಂಡದ್ದನ್ನೆಲ್ಲ ಬರೆದಿಡುವುದು. ಇನ್ನೊಂದು, ಕಾಣದ್ದನ್ನೆಲ್ಲ ಅನುಮಾನಿಸುವುದು. ಬಾವಿಯ ಹಗ್ಗ ಹರಿದರೆ ಹಗ್ಗ ಹಳೆಯದಾಗಿತ್ತು ಎಂದು ಉಳಿದವರು ಹೇಳುತ್ತಾರೆ. ಹಗ್ಗ ತಂದವರು ಯಾರು, ಯಾರ ಅಂಗಡಿಯಿಂದ ತಂದರು, ಆ ಅಂಗಡಿಯವರಿಗೂ ಪುರಸಭೆಯ ಅಧ್ಯಕ್ಷರಿಗೂ ನಂಟೇನು ಎಂದು ನಾನು ಕೇಳುತ್ತೇನೆ. ಹೆಚ್ಚಿನ ಸಲ ಹಗ್ಗ ಹಳೆಯದೇ ಆಗಿರುತ್ತದೆ. ಆದರೂ ಕೇಳುವುದನ್ನು ಬಿಟ್ಟವನಲ್ಲ.

ಹೀಗಿರುವಾಗ ನಮ್ಮ ಪುರಸಭೆ ಒಂದು ದಿನ ಮುಂದಿನ ಇಪ್ಪತ್ತು ವರ್ಷಗಳ ಬಗ್ಗೆ ಆಲೋಚಿಸತೊಡಗಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಲೇ ವರ್ಷವಾಗಿತ್ತು. ಪುರಸಭೆಯ ಮೊಹರಿನಲ್ಲಿ ಮಾತ್ರ ಇನ್ನೂ ಮೈಸೂರೇ ಇತ್ತು. ನಾಳೆ ಮುಂಜಾನೆ ನಳದಲ್ಲಿ ನೀರು ಬರುತ್ತದೆಯೇ ಎಂದು ಕೇಳಿದರೆ ಮೇಲೆ ನೋಡುವ ಕಚೇರಿ ಇಪ್ಪತ್ತು ವರ್ಷಗಳಾಚೆಯದನ್ನು ಅಷ್ಟು ಖಚಿತವಾಗಿ ಹೇಳತೊಡಗಿದರೆ ಯಾರಿಗಾದರೂ ಸಂಶಯ ಬರಬೇಕಾದದ್ದೇ. ಕಾಲುವೆಯ ನೀರು ಬಂದಿದೆ, ಹತ್ತಿ ಹೆಚ್ಚುತ್ತದೆ, ಹತ್ತಿಯೊಂದಿಗೆ ಊರು ಬೆಳೆಯುತ್ತದೆ, ಆದ್ದರಿಂದ ಯೋಜನೆ ಬೇಕು ಎಂಬುದು ವಾದ. ಧಾರವಾಡದಿಂದ ಜೀಪಿನಲ್ಲಿ ಇಂಜಿನಿಯರು ಬಂದರು, ಸರಪಳಿ ಹಿಡಿದು ಅಳೆದರು, ಎಳನೀರು ಕುಡಿದು ಹೋದರು. ಕೆಲವು ತಿಂಗಳಲ್ಲಿ ಸಭಾಗೃಹದ ಗೋಡೆಗೆ ಬಣ್ಣದ ನಕಾಶೆಯೊಂದು ಬಂತು. ಅದರಲ್ಲಿ ಎಮ್ಮೆ ಮೀಯುವ ಹೊಂಡ ನೀಲಿಯಾಗಿ ಸರೋವರವಾಗಿತ್ತು. ಕಸ ಸುರಿಯುವ ತಗ್ಗು ಹಸಿರಾಗಿ ಉದ್ಯಾನವಾಗಿತ್ತು. ಅಳತೆ ನಡೆದದ್ದು ಬೇಸಿಗೆಯಲ್ಲಿ, ನಮ್ಮ ಕಪ್ಪು ಎರೆ ಮಣ್ಣು ಒಣಗಿ ಗಟ್ಟಿಯಾಗಿದ್ದಾಗ. ಮೊರಬದ ಬಸ್ಸಿಗೆ ಕಾಯುತ್ತ ಬಂದು ನಕಾಶೆ ನೋಡಿದ ರೈತನೊಬ್ಬ, “ಎರಿ ಹೊಲದ ಮ್ಯಾಲ ರಸ್ತಿ ಗೀಟು ಹೊಡದಾರ. ಮಳಿಗಾಲದಾಗ ಆ ಗೀಟು ತಾನ ಎದ್ದು ಬಾಜೂ ಹೊಲಕ್ಕ ಹೊಕ್ಕೈತಿ ನೋಡ್ರಿ” ಎಂದು ನಗುತ್ತ ಹೋದ. ನಾನು ನಗಲಿಲ್ಲ. ಬರೆದುಕೊಂಡೆ.

ನಕಾಶೆ ಗೋಡೆಯ ಮೇಲಿದ್ದಷ್ಟು ದಿನ ಊರು ನೆಮ್ಮದಿಯಾಗಿತ್ತು. ಅದು ಇಳಿದು ಬೀದಿಗೆ ಬಂದದ್ದು ಸುಣ್ಣದ ಬಕೀಟಿನ ರೂಪದಲ್ಲಿ. ಒಂದು ಮಧ್ಯಾಹ್ನ ಇಬ್ಬರು ಆಳುಗಳು ನಮ್ಮ ರಸ್ತೆಗುಂಟ ಗೀಟು ಎಳೆಯುತ್ತ ಹೋದರು. ನಮ್ಮ ಎದುರು ಮನೆಯ, ಪಕ್ಕದ ಓಣಿಯ ಕಡೆಗಿನ ಗೋಡೆಯ ಮೇಲೂ ಒಂದು ಬಿತ್ತು. ಗೀಟಿನಿಂದ ರಸ್ತೆಯ ಕಡೆಗಿರುವುದೆಲ್ಲ ಮುಂದೆ ರಸ್ತೆಗೆ ಹೋಗತಕ್ಕದ್ದು ಎಂದು ಅರ್ಥ.

ಎದುರು ಮನೆ ಹಸೀನಾಬಿಯದು. ಗಂಡ ತೀರಿ ಹೋದ ಮೇಲೆ ಸೊಸೆಯನ್ನು ಜೊತೆಗೆ ಕೂರಿಸಿಕೊಂಡು ಜಮಖಾನೆ ನೇಯ್ದು ಸಂಸಾರ ನಡೆಸಿದವಳು. ನಮ್ಮ ಕಡೆ ಜಮಖಾನೆಯ ಮಗ್ಗ ನಿಂತ ಮಗ್ಗ. ನೆಲದಲ್ಲಿ ಹೂತ ಎರಡು ಕಂಬ, ಅವಕ್ಕೆ ಬಿಗಿದ ದಪ್ಪ ತೊಲೆಗಳು. ನೂಲನ್ನು ಕೆಳಗೆ ಬಡಿದು ಕೂರಿಸುವ ಕಬ್ಬಿಣದ ಹಣಿಗೆಗೆ ಪಂಜಾ ಎನ್ನುತ್ತಾರೆ. ಆ ಪಂಜಾದ ಸದ್ದಿಗೆ ನಾನು ಏಳುತ್ತೇನೆ, ಅದು ನಿಂತಾಗ ಊಟಕ್ಕೆ ಕೂರುತ್ತೇನೆ. ನನ್ನ ಗಡಿಯಾರಕ್ಕಿಂತ ಅದರ ಮೇಲೆ ನನಗೆ ನಂಬಿಕೆ ಹೆಚ್ಚು. ಮಗ್ಗದ ಕಂಬಗಳು ಇರುವುದು ಮುಂದಿನ ಪಡಸಾಲೆಯಲ್ಲಿ, ಬಾಗಿಲಿಗೆ ಹೊಂದಿ. ಗೀಟು ಅವುಗಳ ಹಿಂದೆ ಬಿದ್ದಿತ್ತು.

ಮರುದಿನ ಪಂಜಾ ಸದ್ದು ಮಾಡಲಿಲ್ಲ. ಹಸೀನಾಬಿ ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು.

“ಅಣ್ಣಾರ, ನಿಮ್ಮ ಪೇಪರ್ದಾಗ ಅಮೇರಿಕಾದ್ದು ಬರತೈತಿ, ಅರಬಸ್ಥಾನದ್ದು ಬರತೈತಿ. ನನ್ನ ಗ್ವಾಡಿ ಮ್ಯಾಲ ಗೀಟು ಯಾಕ ಬಿತ್ತು ಅನ್ನೂದು ಬರೂದಿಲ್ಲೇನ್ರಿ?”

ಮಗ್ಗವನ್ನು ಒಳಗಿನ ಕೋಣೆಗೆ ಹಾಕಿಕೊಳ್ಳಬಾರದೇ ಎಂದು ಕೇಳಿದೆ; ದೂರದಿಂದ ಕೇಳುವವರ ಪ್ರಶ್ನೆ ಅದು.

“ಒಳಗಿನ ಖೋಲಿ ಆರು ಮೊಳ, ಮಗ್ಗ ಏಳು ಮೊಳ. ಹಾಸಿಗಿ ಮಡಚಿದಂಗ ಮಗ್ಗ ಮಡಚಾಕ ಬರತೈತೇನ್ರಿ ಅಣ್ಣಾರ? ಪಡಸಾಲಿ ಹೋದ್ರ ಮಗ್ಗ ಹೋತು. ಮಗ್ಗ ಹೋದ್ರ ನಾವಿಬ್ಬರೂ ಹತ್ತಿ ಬಿಡಸಾಕ ಮಂದಿ ಹೊಲಕ್ಕ ಹೋಗೂದ ಸೈ.”

ನನ್ನ ಎರಡನೆಯ ರೋಗ ಉಲ್ಬಣಿಸಿತು. ಮರುದಿನದಿಂದ ಮುಂಜಾನೆ ಎದ್ದು ರಸ್ತೆಯಲ್ಲಿ ಹೆಜ್ಜೆ ಎಣಿಸತೊಡಗಿದೆ. ರಸ್ತೆ ಎಲ್ಲಿಗೆ ಹೋಗುತ್ತದೆ? ಅಧ್ಯಕ್ಷರ ಹತ್ತಿ ಗೋದಾಮಿಗೆ. ಅಗಲವಾದರೆ ಯಾರ ಟ್ರ್ಯಾಕ್ಟರು ಸಲೀಸಾಗಿ ತಿರುಗುತ್ತದೆ? ಅಧ್ಯಕ್ಷರದು. ಗೋದಾಮಿಗೆ ಇಷ್ಟು ಹೆಜ್ಜೆ, ತಿರುವಿಗೆ ಇಷ್ಟು ಹೆಜ್ಜೆ ಎಂದು ಪುಟ ತುಂಬಿದವು. ನನ್ನ ಹೆಂಡತಿ ಶಾಂತವ್ವ ಇದನ್ನು ನಾಲ್ಕು ದಿನ ನೋಡಿ, “ದಾರ್ಯಾಗ ನೆಲಾ ನೋಡಕೋತ ಹೊಂಟೀರಿ. ಏನರೆ ಕಳಕೊಂಡೀರೇನು ಅಂತ ಮಂದಿ ನನ್ನ ಕೇಳಾಕತ್ತಾರ” ಎಂದಳು. ತಲೆಬರಹ ಮನಸ್ಸಿನಲ್ಲೇ ಅಚ್ಚಾಗಿತ್ತು. ಆದರೆ ಹುಬ್ಬಳ್ಳಿಯ ನಮ್ಮ ಸುದ್ದಿಮನೆಯಲ್ಲಿ ಒಂದು ಶಿಸ್ತಿದೆ: ಕಾಗದ ಕಾಣದೆ ಸಾಲು ಬರೆಯಬಾರದು. ಹೀಗಾಗಿ ಕಾಗದ ಹುಡುಕಿಕೊಂಡು ಪುರಸಭೆಗೆ ಹೋದೆ.

ಅಲ್ಲಿನ ಗುಮಾಸ್ತ ಫಕೀರಪ್ಪ ಇಪ್ಪತ್ತೈದು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಬರುವ ಅಧ್ಯಕ್ಷರಿಗೂ ಹೋಗುವ ಅಧ್ಯಕ್ಷರಿಗೂ ಒಂದೇ ತೂಕದ ನಮಸ್ಕಾರ ಮಾಡಿದ ಮನುಷ್ಯ. ಜನರಿಗೆ ತಿಳಿಸದೆ ಗುಟ್ಟಾಗಿ ಯೋಜನೆ ಮಾಡಿದ್ದೀರಿ ಎಂದು ಅವನ ಮೇಲೆ ಆರೋಪ ಹೊರಿಸಿದೆ. ಅವನು ಕನ್ನಡಕ ಒರೆಸಿಕೊಂಡ.

“ಗುಟ್ಟು ಎಲ್ಲೀದ್ರಿ? ತಕರಾರು ಇದ್ದವರು ತಿಂಗಳೊಳಗ ಅರ್ಜಿ ಕೊಡ್ರಿ ಅಂತ ಪ್ರಕಟಣೆ ಕೊಟ್ಟೇವಿ. ನಾಳೆ ಸಂಜಿ ಐದಕ್ಕ ಆಖೇರಿ.”

“ಎಲ್ಲಿ ಕೊಟ್ಟಿದ್ದೀರಿ? ಹೊರಗಿನ ಬೋರ್ಡು ಖಾಲಿ ಇದೆ.”

“ಬೋರ್ಡಿಗೆ ಹಚ್ಚಿದ್ದು ಆಡು ತಿಂತ್ರಿ. ಮೈದಾ ಅಂಟಿಂದು, ಅದಕ್ಕ ಬಾಳ ರುಚಿ. ಫೈಲು ಅಧ್ಯಕ್ಷರ ಮನ್ಯಾಗ ಐತಿ, ಅವರು ಬೆಂಗಳೂರಾಗ ಅದಾರ. ಅರ್ಜಿ ಮ್ಯಾಲ ಪ್ರಕಟಣೆ ನಂಬರು, ತಾರೀಖು ಹಾಕದಿದ್ರ ತಗೊಳಾಕ ಬರೂದಿಲ್ಲ ಮತ್ತ.”

ಸಂಶಯಕ್ಕೆ ಇದಕ್ಕಿಂತ ಪುಷ್ಟಿಕರವಾದ ಆಹಾರ ಸಿಗುವುದುಂಟೇ? ಫೈಲು ಮನೆಯಲ್ಲಿ, ಮನೆಯವರು ಬೆಂಗಳೂರಿನಲ್ಲಿ, ಕಾಗದ ಆಡಿನ ಹೊಟ್ಟೆಯಲ್ಲಿ. ಆಡು ಯಾರದು ಎಂದು ಕೇಳಿ ಅದನ್ನೂ ಬರೆದುಕೊಂಡೆ ಎಂದರೆ ನೀವು ನಗಬಾರದು. ಬಾಗಿಲು ದಾಟುವಾಗ ಫಕೀರಪ್ಪ ಹಿಂದಿನಿಂದ ಹೇಳಿದ: “ಪೇಪರ್ನಾಗೂ ಕೊಟ್ಟಿದ್ವಿ, ಬಾತ್ಮೀದಾರ್ರ. ನಿಮ್ಮ ಪೇಪರ್ನಾಗ. ಕಾಲುವಿ ಬಗ್ಗೆ ನಿಮ್ದೊಂದು ದೊಡ್ಡ ಸುದ್ದಿ ಬಂದಿತ್ತಲ್ರಿ, ಅವತ್ತ.”

ಈಗ ನನ್ನ ಒಂದು ಪದ್ಧತಿಯನ್ನು ಹೇಳಬೇಕು. ಊರಿನ ಬಾತ್ಮೀದಾರರು ಪತ್ರಿಕೆ ಓದುವ ಕ್ರಮವೇ ಬೇರೆ. ಕಟ್ಟು ಬಿಚ್ಚಿದ ಕೂಡಲೇ ನಾವು ಹುಡುಕುವುದು ನಮ್ಮ ಸುದ್ದಿಯನ್ನು. ಸಿಕ್ಕರೆ ಎರಡು ಸಲ ಓದಿ, ಕತ್ತರಿಯಿಂದ ಕತ್ತರಿಸಿ, ಮೈದಾ ಅಂಟು ಬಳಿದು ದಪ್ಪ ಪುಸ್ತಕದಲ್ಲಿ ಹಚ್ಚುತ್ತೇವೆ. ಹಾಗೆ ಕಿಟಕಿ ಬಿದ್ದ ಪುಟ ಅಡುಗೆಮನೆಯ ಗೋಡೆಯಲ್ಲಿ ಡಬ್ಬಿಯಿಡುವ ಮಾಡಕ್ಕೆ ಹಾಸಲು ಹೋಗುತ್ತದೆ. ಜಗತ್ತಿನ ಉಳಿದ ಸುದ್ದಿಯನ್ನು ನಾವು ಓದುವುದು ಡಬ್ಬಿಗಳ ಕೆಳಗೆ, ಅರ್ಧಂಬರ್ಧ.

ಆ ದಿನದ ಪುಟವನ್ನು ಮಾಡದಲ್ಲಿ ಹುಡುಕಿದೆ. ನನ್ನ ಕಾಲುವೆಯ ಸುದ್ದಿಯಿದ್ದ ಜಾಗದಲ್ಲಿ ದೊಡ್ಡ ಕಿಟಕಿಯಿತ್ತು. ಹಿಂದಿನ ಮಗ್ಗುಲಲ್ಲಿ ಆ ಕಿಟಕಿಯ ಅಂಚಿಗೆ ‘ಪುರಸಭೆ’ ಎಂಬ ಮಾತು ಮಾತ್ರ ಉಳಿದಿತ್ತು. ಮಿಕ್ಕದ್ದನ್ನೆಲ್ಲ ನಾನೇ ಕತ್ತರಿಸಿ, ಮುಖ ಕೆಳಗಾಗಿ, ಭದ್ರವಾಗಿ ಅಂಟಿಸಿಟ್ಟಿದ್ದೆ. ಆಡು ಒಂದು ಪ್ರತಿಯನ್ನು ತಿಂದಿತ್ತು, ಇನ್ನೊಂದನ್ನು ನಾನು.

ಶಾಂತವ್ವ ಪರಾತದಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟಳು. ಪುಸ್ತಕದ ಹಾಳೆ ಹರಿದು ಅದರಲ್ಲಿ ನೆನೆಹಾಕಿದೆ. ಹಸೀನಾಬಿ ಬಂದು ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅಂಟು ಸಡಿಲಿ, ನನ್ನ ಕಾಲುವೆ ನಿಧಾನವಾಗಿ ಮೇಲೆದ್ದು ತೇಲಿತು. ತಿರುವಿ ಹಾಕಿದೆ. ಪ್ರಕಟಣೆಯ ನಂಬರಿತ್ತು, ತಾರೀಖಿತ್ತು.

“ಒಂದ್ ವಾರಾತು, ಕಳ್ಳನ್ನ ಊರ ತುಂಬ ಹುಡಕಿದ್ರಿ” ಎಂದಳು ಹಸೀನಾಬಿ. “ನಿಮ್ಮ ಪುಸ್ತಕದಾಗ ಮಲಗಿದ್ನಲ್ರಿ ಅಣ್ಣಾರ.”

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಗಟ್ಟಿಯಾಗಿ ಓದಿದೆ: ರಸ್ತೆಯ ಅಗಲೀಕರಣಕ್ಕಾಗಿ ಪೂರ್ವ ಬದಿಯಲ್ಲಿ ಆರು ಅಡಿ ಜಾಗ ಪಡೆಯತಕ್ಕದ್ದು. ಪೂರ್ವವೆಂದರೆ ಅವಳ ಬದಿ. ನಾಲ್ಕು ಅಡಿಯ ಕಟ್ಟೆ ಹೋಗಿ, ಪಡಸಾಲೆಯ ಎರಡು ಅಡಿಯೂ ಹೋಗಿ, ಅದರೊಂದಿಗೆ ಕಂಬಗಳು.

“ನಿಮ್ಮ ಕಡೀದು ಎಷ್ಟಂತ ಬರದಾರ?”

ಒದ್ದೆ ಕಾಗದವನ್ನು ಮತ್ತೊಮ್ಮೆ ನೋಡಿದೆ. ಪಶ್ಚಿಮ ಬದಿಯ ಮಾತೇ ಇರಲಿಲ್ಲ. ಇಲ್ಲವೆಂದು ಹೇಳಿದೆ. ಅವಳು “ಹೂಂ” ಎಂದಳು, ಅಷ್ಟೇ. ನನ್ನ ಹತ್ತೊಂಬತ್ತು ವರ್ಷಗಳ ಬಾತ್ಮೀದಾರಿಕೆಯಲ್ಲಿ ಅಷ್ಟು ಚಿಕ್ಕದಾಗಿ ಯಾರೂ ಅಷ್ಟನ್ನು ಹೇಳಿದ್ದಿಲ್ಲ. ಗೋದಾಮಿನವರೆಗೆ ಹೆಜ್ಜೆ ಎಣಿಸಿದವನು, ಆಡಿನ ಮಾಲೀಕನ ಹೆಸರು ಬರೆದುಕೊಂಡವನು, ಸುಣ್ಣದ ಬಕೀಟು ನನ್ನ ಮನೆಯ ಮುಂದೆ ಯಾಕೆ ನಿಲ್ಲಲಿಲ್ಲವೆಂದು ಒಂದು ಸಲವೂ ಕೇಳಿರಲಿಲ್ಲ. ದಿನಾ ಕೂತು ಊರನ್ನೆಲ್ಲ ಅನುಮಾನಿಸುತ್ತಿದ್ದದ್ದು ಅದೇ ಕಟ್ಟೆಯ ಮೇಲೆ. ಬೇರೆಯವರ ಲಾಭ ಮೈಲಿ ದೂರದಿಂದ ಕಾಣುತ್ತದೆ. ತನ್ನದರ ಮೇಲೆ ತಾನೇ ಕೂತಿರುವುದರಿಂದ ಅದು ಕಾಣುವುದಿಲ್ಲ.

ಅರ್ಜಿ ಬರೆಯಲು ಕೂತೆ. ಆರು ಅಡಿ ಬೇಕೇ ಬೇಕಾದರೆ ಎರಡೂ ಬದಿಯಿಂದ ಮೂರು ಮೂರು ಅಡಿ ತೆಗೆದುಕೊಳ್ಳಬೇಕು. ಹಾಗಾದರೆ ಕಟ್ಟೆಗಳ ಮುಕ್ಕಾಲು ಪಾಲು ಹೋಗುತ್ತದೆ, ಮಗ್ಗ ಉಳಿಯುತ್ತದೆ. ಬರೆಯುವುದು ಸುಲಭ, ಆದರೆ ‘ಎರಡೂ’ ಎಂಬಲ್ಲಿ ಲೇಖನಿ ಸ್ವಲ್ಪ ಹೊತ್ತು ನಿಂತದ್ದನ್ನು ಮುಚ್ಚಿಡಲಾರೆ. ನಮ್ಮಪ್ಪ ಕಟ್ಟಿಸಿದ ಕಟ್ಟೆ ಅದು. ಶಾಂತವ್ವನಿಗೆ ಓದಿ ಹೇಳಿದೆ.

“ಹೋದ್ರ ಹೋಗ್ಲಿ ಬಿಡ್ರಿ” ಎಂದಳು. “ಅದರ ಮ್ಯಾಲ ಕುಂತು ಹಾದು ಹೋಗವರ್ನೆಲ್ಲಾ ಕಳ್ಳರು ಅನ್ನೂದಾದ್ರೂ ಕಮ್ಮಿ ಆದೀತು.”

ಮರುದಿನ ನಾಲ್ಕೂವರೆಗೆ ಇಬ್ಬರೂ ಪುರಸಭೆಗೆ ಹೋದೆವು. ಹಸೀನಾಬಿ ಉರ್ದುವಿನಲ್ಲಿ ಸಹಿ ಮಾಡಿದಳು, ಕೆಳಗೆ ನಾನು ಮಾಡಿದೆ. ಫಕೀರಪ್ಪ ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದ. “ಇದರಾಗ ನಿಮ್ದೇನರೆ ಲಾಭ ಐತೇನ್ರಿ?” ನನ್ನ ಪ್ರಶ್ನೆ ನನಗೇ ಮರಳಿ ಬಂದಿತ್ತು. ಅವನ ಮುಖದಲ್ಲಿ ಅನುಮಾನವನ್ನು ಕಂಡು, ನಾನು ಇಷ್ಟು ವರ್ಷ ಎದುರಿನವರಿಗೆ ಹೇಗೆ ಕಾಣುತ್ತಿದ್ದೆ ಎಂಬುದು ತಿಳಿಯಿತು; ಚೆನ್ನಾಗಿ ಕಾಣುತ್ತಿರಲಿಲ್ಲ. ನನ್ನ ಬದಿಯನ್ನು ಯಾಕೆ ಬಿಟ್ಟಿದ್ದರು ಎಂದು ಅವನನ್ನು ಕೇಳಿದೆ.

“ಆ ಬದೀಗೆ ಲೈಟಿನ ಕಂಬ ಅದಾವಂತ ಇಂಜಿನಿಯರ್ ಸಾಹೇಬ್ರು ಬರದಾರ್ರಿ” ಎಂದ. ಆಮೇಲೆ ಮೊಹರು ಒತ್ತುತ್ತ, “ಜೀಪು ನಿಮ್ಮ ಮನಿ ಮುಂದ ನಿಂತಾಗ ‘ಇದು ಪೇಪರ್ನವರ ಮನಿ’ ಅಂತ ಯಾರೋ ಅಂದದ್ದೂ ಖರೆ” ಎಂದ. ಕಂಬಗಳಿಗಾಗಿ ಬಿಟ್ಟರೋ ಬಾತ್ಮೀದಾರನಿಗಾಗಿ ಬಿಟ್ಟರೋ ನನಗೆ ಇಂದಿಗೂ ತಿಳಿದಿಲ್ಲ. ತಿಳಿದಿದ್ದರೆ ಬರೆಯುತ್ತಿದ್ದೆ ಎಂದು ನಿಮಗೆ ಹೇಳಬಲ್ಲೆ; ನೀವು ನಂಬುವುದು ನಿಮಗೆ ಬಿಟ್ಟದ್ದು.

ಎರಡು ತಿಂಗಳ ಮೇಲೆ ಸುಣ್ಣದ ಬಕೀಟು ಮತ್ತೆ ಬಂತು. ಹಸೀನಾಬಿಯ ಕಟ್ಟೆಯ ಪಕ್ಕೆಗೆ ಒಂದು ಗೀಟು, ನನ್ನ ಕಟ್ಟೆಯ ಪಕ್ಕೆಗೆ ಒಂದು. ಗೋಡೆಯ ಮೇಲಿನ ಹಳೆಯ ಗೀಟನ್ನು ಅವಳು ಅದೇ ದಿನ ಸಾರಿಸಿ ಹಾಕಿದಳು. ಸಂಜೆಗೆ ಪಂಜಾ ಮತ್ತೆ ಬಡಿಯತೊಡಗಿತು.

ಅದಾಗಿ ಮೂರು ಯುಗಾದಿ ಕಳೆದಿವೆ. ರಸ್ತೆ ಬಂದಿಲ್ಲ, ಇಪ್ಪತ್ತು ವರ್ಷದಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ. ಆದರೆ ಮಳೆ ಬರುತ್ತದೆ. ಅವಳ ಗೀಟಿಗೆ ಸೂರಿನ ಮರೆಯಿದೆ, ನನ್ನದಕ್ಕೆ ಇರಚಲು ನೇರವಾಗಿ ಬಡಿಯುತ್ತದೆ. ಎಷ್ಟು ಜೋಪಾನವಾಗಿ ಸಾರಿಸಿದರೂ ವರ್ಷಕ್ಕೆ ಅದು ಮಾಸಿಬಿಡುತ್ತದೆ. ಒಂದು ಬದಿಯದು ಮಾಸಿ ಇನ್ನೊಂದು ಬದಿಯದು ಬೆಳ್ಳಗೆ ಉಳಿದರೆ, ಮುಂದೆಂದೋ ಬರುವ ಇಂಜಿನಿಯರು ಯಾವುದನ್ನು ನಂಬಿಯಾನು ಎಂದು ನನಗೆ ಗೊತ್ತಿದೆ. ಆದ್ದರಿಂದ ಹಬ್ಬದ ಮುಂಚೆ, ಕೆಮ್ಮಣ್ಣು ಆರಿದ ಮೇಲೆ, ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು ನನ್ನ ಕಟ್ಟೆಯನ್ನು ಕಡಿಯುವ ಗೀಟನ್ನು ನಾನೇ ತಿದ್ದುತ್ತೇನೆ.

ಈ ವರ್ಷವೂ ತಿದ್ದಿ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಎದುರಿನ ಪಂಜಾ ನಿಂತಿತು. ಹಸೀನಾಬಿ ಹೊರಗೆ ಬಂದು, ರಸ್ತೆ ದಾಟಿ, ಓಣಿಯ ಕಡೆಯಿಂದ ಬಗ್ಗಿ ನೋಡಿದಳು.

“ಅಣ್ಣಾರ, ಹ್ವಾದ ವರ್ಷಕ್ಕಿಂತ ಒಂದ್ ಬೆರಳು ರಸ್ತಿ ಕಡೆ ಸರದಂಗ ಕಾಣತೈತಲ್ರಿ?”

ಸಾಧ್ಯವಿಲ್ಲವೆಂದು ಹೇಳಿ, ಒಳಗಿನಿಂದ ಅಳತೆಯ ಪಟ್ಟಿ ತಂದು, ಕಟ್ಟೆಯ ತುದಿಯಿಂದ ಹಿಡಿದು ನೋಡಿದೆ. ಸರಿದಿತ್ತು; ರಸ್ತೆಗೆ ಬಿಡಬೇಕಾದ ಮೂರು ಅಡಿಗೆ ಒಂದು ಬೆರಳು ಕಡಿಮೆಯಿತ್ತು. ಒದ್ದೆ ಅರಿವೆಯಿಂದ ಒರೆಸಿ, ಅವಳು ನಿಂತು ನೋಡುತ್ತಿರುವಂತೆಯೇ ಮತ್ತೊಮ್ಮೆ ಎಳೆದೆ.